ಪೆಟ್ಟಿಗೆ ಮೇಲೆ ಕೂರುವವರು

ನನ್ನ ಹತ್ತಿರ ಬಿಚ್ಚಿದರೆ ಎರಡು ತುಂಡಾಗಿ ಪೆಟ್ಟಿಗೆಯೊಳಗೆ ಕೂರುವ ಸೈಕಲ್ಲೊಂದಿದೆ. ಐವತ್ತೇಳರ ಹೆಂಗಸಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ನೀವು ಕೇಳುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇದನ್ನು ಕೊಂಡದ್ದು ವ್ಯಾಯಾಮಕ್ಕಲ್ಲ, ಕನ್ನಡ ಕೇಳುವುದಕ್ಕೆ.

ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು ನಾನು. ನನಗೆ ಕನ್ನಡ ಬಂದದ್ದು ಅಜ್ಜಿಯಿಂದ, ಅಪ್ಪನಿಂದ, ಸರ್ಕಾರಿ ಕ್ವಾರ್ಟರ್ಸಿನ ಅಂಗಳದಲ್ಲಿ ಚಳಿಗಾಲದ ಬಿಸಿಲಿಗೆ ಬೆನ್ನು ಕೊಟ್ಟು ಕಡಲೆಕಾಯಿ ಸುಲಿಯುತ್ತಿದ್ದ ಅವರ ಗೆಳೆಯರಿಂದ. ಹೀಗಾಗಿ ನನ್ನ ಕನ್ನಡಕ್ಕೆ ನನಗಿಂತ ಮೂವತ್ತು ವರ್ಷ ಹೆಚ್ಚು ವಯಸ್ಸು. ಅವರೆಲ್ಲ ಒಬ್ಬೊಬ್ಬರಾಗಿ ಎದ್ದುಹೋದರು. ಈಗ ದಿಲ್ಲಿಯಂಚಿನ ಇಂದಿರಾಪುರಂನ ಹನ್ನೊಂದನೇ ಮಹಡಿಯಲ್ಲಿ ಕನ್ನಡದಲ್ಲಿ ಬೈಯಬೇಕೆಂದರೂ ಕುಕ್ಕರ್ ಬಿಟ್ಟರೆ ಬೇರೆ ಗತಿಯಿಲ್ಲ. ಮಾತಿಗೆ ಅಪ್ಪನೊಬ್ಬರೇ ಉಳಿದ ಕಾಲದಲ್ಲೇ ಶುರುವಾದ ಅಭ್ಯಾಸ ಇದು: ವರ್ಷಕ್ಕೊಮ್ಮೆ ವಿಮಾನ ಹತ್ತಿ ಹುಬ್ಬಳ್ಳಿಯಲ್ಲಿಳಿದು, ಧಾರವಾಡದ ಸುತ್ತ ಹತ್ತು ದಿನ ಪೆಡಲ್ ತುಳಿಯುತ್ತೇನೆ. ಕಾರಿನಲ್ಲಿ ಹೋದರೆ ಊರು ಕಾಣುತ್ತದೆ, ಸೈಕಲ್ಲಿನಲ್ಲಿ ಹೋದರೆ ಕೇಳಿಸುತ್ತದೆ. "ಎಲ್ಲಿಗ್ ಹೊಂಟೀರಿ ಅಕ್ಕಾರ, ಈ ಬಿಸಲಾಗ?" ಎಂದು ಚಹಾದಂಗಡಿಯಿಂದ ಯಾರೋ ಕೂಗಿದರೆ ಸಾಕು, ಬಂದದ್ದು ಸಾರ್ಥಕ.

ಸೈಕಲ್ ಬಿಚ್ಚುವುದು ದೊಡ್ಡ ವಿದ್ಯೆಯೇನಲ್ಲ. ಗಾಳಿ ಇಳಿಸಬೇಕು, ಚಕ್ರ ಕಳಚಬೇಕು, ಸೀಟು, ಹ್ಯಾಂಡಲ್, ಪೆಡಲ್ ತೆಗೆಯಬೇಕು, ನಡುವಿನ ಕೀಲು ಸಡಿಲಿಸಿದರೆ ಚೌಕಟ್ಟು ಎರಡಾಗುತ್ತದೆ. ಎಡಗಡೆಯ ಪೆಡಲ್ ಮಾತ್ರ ಉಲ್ಟಾ ತಿರುಗುತ್ತದೆ. ಅದನ್ನು ಪ್ರತಿ ವರ್ಷ ಮರೆಯುತ್ತೇನೆ. ಬಿಚ್ಚುತ್ತಿದ್ದೇನೆ ಅಂದುಕೊಂಡು ಇನ್ನಷ್ಟು ಬಿಗಿಯುತ್ತೇನೆ. "ನಿನ್ನ ಸ್ವಭಾವವೇ ಅದು" ಎನ್ನುತ್ತಿದ್ದರು ಅಪ್ಪ. ಹಿಂದೆ ನನ್ನ ಮದುವೆಯ ಮಾತು ಬಂದಾಗಲೂ ಇದನ್ನೇ ಹೇಳುತ್ತಿದ್ದರು.

ಕಷ್ಟ ಇರುವುದು ತುಂಬುವುದರಲ್ಲಿ. ಅದರಲ್ಲಿ ನನ್ನ ಗುರು ಅಜ್ಜಿ. ರೈಲಿನಲ್ಲಿ ಎರಡು ರಾತ್ರಿ ಕಳೆದು ಊರಿಂದ ದಿಲ್ಲಿಗೆ ಬರುವಾಗ ಅವಳ ಟ್ರಂಕಿನಲ್ಲಿ ಉಪ್ಪಿನಕಾಯಿ ಜಾಡಿ ರೇಷ್ಮೆ ಸೀರೆಗಳ ನಡುವೆ ಮಹಾರಾಣಿಯ ಹಾಗೆ ಕೂತು ಬರುತ್ತಿತ್ತು. ಒಡೆಯುವುದು ನಡುವೆ, ಮಡಿಸುವುದು ಸುತ್ತ. ಇಷ್ಟೇ ಅವಳ ಶಾಸ್ತ್ರ. ನಾನೂ ಹಾಗೆಯೇ. ಗೇರಿಗೆ ಸ್ವೆಟರು, ಕೊಳವೆಗಳಿಗೆ ಹಳೇ ಕಾಟನ್ ಸೀರೆ, ಚೈನಿಗೆ ಕಾಲುಚೀಲ. ಏರ್‌ಪೋರ್ಟಿನಲ್ಲಿ ಒಮ್ಮೆ ತಪಾಸಣೆಯವನು ಪರದೆ ನೋಡಿ, "ಮೇಡಂ, ಯೇ ಕ್ಯಾ ಹೈ?" ಎಂದ. ಸೈಕಲ್ ಎಂದೆ. "ಪೂರೀ ಸೈಕಲ್? ಕಿಸ್ಕೀ?" ನನ್ನದೇ ಎಂದೆ. ಅವನು ನನ್ನ ಬಿಳಿ ಕೂದಲನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ ನಮಸ್ಕಾರ ಮಾಡಿ ಕಳಿಸಿದ.

ಇಷ್ಟೆಲ್ಲ ತುಂಬಿದ ಮೇಲೆ ಮುಚ್ಚಳ ನಾಲ್ಕು ಬೆರಳು ಮೇಲೆಯೇ ನಿಲ್ಲುತ್ತದೆ. ಆಗ ಅಪ್ಪ ಬೇಕು. "ಸರ್ಕಾರ ಮೂವತ್ತೈದು ವರ್ಷ ಫೈಲಿನ ಮೇಲೆ ಕೂರಿಸಿತು, ಮಗಳು ಪೆಟ್ಟಿಗೆ ಮೇಲೆ ಕೂರಿಸಿದಳು. ಪ್ರಮೋಷನ್ನೋ ಡಿಮೋಷನ್ನೋ ನೀನೇ ಹೇಳು" ಎನ್ನುತ್ತ ಪೇಪರ್ ಹಿಡಿದು ಕೂರುತ್ತಿದ್ದರು. ನಾನು ಮೊಣಕಾಲೂರಿ ಎರಡು ಚಿಲಕ ಹಾಕುತ್ತಿದ್ದೆ.

ಹೋದ ಚಳಿಗಾಲದಲ್ಲಿ ಅಪ್ಪ ಹೋದರು. ಈ ಸಲ ಭಾನುವಾರ ಬೆಳಿಗ್ಗೆ ಪೆಟ್ಟಿಗೆಯೆದುರು ನಿಂತಾಗಲೇ ತಿಳಿದದ್ದು, ಇದು ಒಬ್ಬರ ಕೆಲಸವಲ್ಲ ಎಂದು. ನಾನು ಕೂತರೆ ಮುಚ್ಚಳ ಇಳಿಯುತ್ತದೆ, ಚಿಲಕ ಎಟುಕುವುದಿಲ್ಲ. ಚಿಲಕಕ್ಕೆ ಬಗ್ಗಿದರೆ ಭಾರ ತಪ್ಪಿ ಪೆಟ್ಟಿಗೆ ಬಾಯಿಬಿಡುತ್ತದೆ. ಗೋಧಿಹಿಟ್ಟಿನ ಚೀಲ ಹೇರಿದೆ, ಜಾರಿ ಬಿತ್ತು. ಒಂದು ಸ್ವೆಟರ್ ತೆಗೆದರೆ ಮುಚ್ಚೀತು, ಆದರೆ ಗೇರು ಉಳಿಯದು. ಕ್ಯಾಬ್ ಬರಲು ಇಪ್ಪತ್ತು ನಿಮಿಷ ಇತ್ತು. ಪೆಟ್ಟಿಗೆ ಮುಚ್ಚದಿದ್ದರೆ ವಿಮಾನವಿಲ್ಲ, ವಿಮಾನವಿಲ್ಲದಿದ್ದರೆ ಮುಂದಿನ ವರ್ಷದವರೆಗೆ ನಾನು ಮತ್ತು ಕುಕ್ಕರ್.

ಎದುರು ಫ್ಲಾಟಿನ ಬೆಲ್ ಒತ್ತಿದೆ. ಅಲ್ಲಿ ಸುದೇಶ್ ಆಂಟಿ ಒಬ್ಬರೇ ಇರುತ್ತಾರೆ, ಎಪ್ಪತ್ತು ದಾಟಿದ ಪಂಜಾಬಿ ಹೆಂಗಸು. ಆರು ವರ್ಷದಿಂದ ನಮ್ಮಿಬ್ಬರದು ಲಿಫ್ಟಿನ ನಮಸ್ತೆ, ಅಷ್ಟೇ. ಪೆಟ್ಟಿಗೆ ಮುಚ್ಚುತ್ತಿಲ್ಲ, ಮೇಲೊಬ್ಬರು ಕೂರಬೇಕು ಎಂದೆ. ಸೊಂಟಕ್ಕೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಚ್ಛಾ! ಆರು ವರ್ಷ ನಾನು ಬೇಕಾಗಲಿಲ್ಲ, ಇವತ್ತು ನನ್ನ ತೂಕ ಬೇಕಾಯಿತಾ?"

"ಹೌದು ಆಂಟಿ."

"ಚಲೋ. ಡಾಕ್ಟರ್ ಇಳಿಸು ಇಳಿಸು ಅಂತಾನೇ ಇದ್ದ. ನೋಡು, ಇಳಿಸದೆ ಇದ್ದದ್ದು ಕೆಲಸಕ್ಕೆ ಬಂತು."

ಬಂದು ಕೂತರು. ನಾಲ್ಕು ಬೆರಳಿನ ಸಂದು ಒಂದೇ ಸಲಕ್ಕೆ ಮುಚ್ಚಿತು. ನಾನು ಮೊಣಕಾಲೂರಿದೆ. ಒಳಗಿರುವುದು ಸೈಕಲ್ ಎಂದು ನಾನು ಹೇಳಿದ್ದೇ ತಡ, ಆಂಟಿಯ ಮುಖ ಬೇರೆಯಾಯಿತು. ಮದುವೆಯಾದ ಹೊಸತರಲ್ಲಿ ಗಂಡ ಇವರನ್ನು ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಕರೋಲ್ ಬಾಗ್ ಸುತ್ತುತ್ತಿದ್ದರಂತೆ. ಎದುರಿಗೆ ಮಾವ ಬಂದುಬಿಟ್ಟರೆ ಇಳಿದು ಮುಸುಕೆಳೆದುಕೊಂಡು, ಯಾರೋ ಪರಿಚಯವೇ ಇಲ್ಲದವರ ಹಾಗೆ ನಡೆಯಬೇಕಿತ್ತಂತೆ. "ಒಂದು ದಿನ ನಮ್ಮವರು ನಾನಿಳಿದದ್ದು ಗೊತ್ತಾಗದೆ ಮಾತಾಡುತ್ತಲೇ ಹೋಗಿಬಿಟ್ಟರು! ಎಷ್ಟೋ ದೂರ!" ಎಂದು ನಕ್ಕರು. ನಗು ನಿಂತ ಮೇಲೆ ಅಂದರು, "ಇದನ್ನು ಯಾರಿಗೆ ಹೇಳಲಿ, ಬೇಟಾ? ಮಗನಿಗೆ ಪುರುಸೊತ್ತಿಲ್ಲ."

ಫೋನು ಕ್ಯಾಬ್ ಕೆಳಗೆ ಬಂದಿದೆ ಎಂದು ತೋರಿಸಿತು. ಚಿಲಕಗಳೆರಡೂ ಬಿದ್ದು ಆಗಲೇ ಐದು ನಿಮಿಷವಾಗಿತ್ತು.

"ಆಯ್ತಾ, ಏಳಲಾ?" ಎಂದರು ಆಂಟಿ.

"ಇನ್ನೊಂದು ಚೂರು, ಆಂಟಿ. ಹಾಗೇ ಕೂತಿರಿ" ಎಂದೆ. "ಆಮೇಲೆ? ಅವರಿಗೆ ಗೊತ್ತಾದದ್ದು ಯಾವಾಗ?"