ಕಾಯಿಸದ ತೀರ್ಥ

ಬಾವಿಯ ಗಡಗಡಿ ಕಿರ್ರೆಂದು ತಿರುಗಿ, ಕೊಡ ನೀರಿಗೆ ಬಡಿಯುವ ಸದ್ದು. ಕುಕನೂರಿನ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಅದರಿಂದ. ಪೂಜೆಗೆ ನೀರು ಸೇದುತ್ತಿದ್ದವರು ನನ್ನ ಹಿರಿಯ ವಾರಗಿತ್ತಿ ಗೌರಕ್ಕ. ಆ ಶನಿವಾರ ಸದ್ದು ಕೇಳಲಿಲ್ಲ.

ಅಕ್ಕ ಬಚ್ಚಲಲ್ಲಿ ಬಿದ್ದಿದ್ದರು.

ವಾಂತಿ, ಲೂಸ್ ಮೋಶನ್. ಅಕ್ಕಿ ತೊಳೆದ ನೀರಿನಂತೆ. ಹೆದರಿದೆ, ಆದರೆ ನೀರಿನ ಮೇಲೆ ಅನುಮಾನ ಬರಲಿಲ್ಲ. ಕುಡಿಯುವ ನೀರು ಕುದಿಸುವವಳು ನಾನೇ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ “ಬಾಯ್ಲ್ ಇಟ್, ಕವರ್ ಇಟ್” ಈ ಎಪ್ಪತ್ತಮೂರನೇ ವಯಸ್ಸಿನಲ್ಲೂ ತಪ್ಪಿಸಿಲ್ಲ. ಓಆರ್‌ಎಸ್ ಕೂಡ ಕುದಿಸಿ ಆರಿಸಿದ ನೀರಿನಲ್ಲೇ ಕಲಸಿದೆ. ಅದು ಹೊಟ್ಟೆಯಲ್ಲಿ ನಿಲ್ಲದಿದ್ದಾಗ ಬೇರೇನೂ ತೋಚದೆ, ನಾನೇ ಬಾವಿಯಿಂದ ಹೊಸ ನೀರು ಸೇದಿ, ದೇವರಿಗೆ ಎರೆದು, ಮೂರು ಸಲ ತೀರ್ಥ ಕುಡಿಸಿದೆ.

ಮಧ್ಯಾಹ್ನದ ಹೊತ್ತಿಗೆ ಅಕ್ಕನ ಕಣ್ಣು ಗುಳಿಬಿದ್ದವು. ಕೊಪ್ಪಳದ ಆಸ್ಪತ್ರೆ ಮುಟ್ಟುವವರೆಗೂ ಪಲ್ಸ್ ಹುಡುಕುತ್ತಿದ್ದೆ. ಸಿಗುತ್ತಿತ್ತು, ಮತ್ತೆ ತಪ್ಪುತ್ತಿತ್ತು.

“ಸಿವಿಯರ್ ಡೀಹೈಡ್ರೇಶನ್. ಕಿಡ್ನಿಗೆ ಪೆಟ್ಟು ಬಿದ್ದೈತಿ,” ಅಂದರು ಡಾಕ್ಟರು. “ಯಾವ ನೀರು ಕುಡೀತೀರಿ?”

“ಬಾವೀದು. ಕುದಿಸೇ ಕುಡೀತೀವ್ರಿ.”

“ಎಲ್ಲಾನೂ?”

ತೀರ್ಥ ನೆನಪಾಯಿತು.

ದೇವರ ನೀರಿಗೆ ಬೆಂಕಿ ತಾಕಿಸಬಾರದೆಂಬುದು ನಮ್ಮ ಮನೆಯ ರೂಢಿ. ಹಿಂದೊಮ್ಮೆ ಅದನ್ನೂ ಕುದಿಸೋಣವೆಂದಾಗ ಅಕ್ಕ ನಕ್ಕಿದ್ದರು: “ನಿಮ್ಮ ಸಿಸ್ಟರು ದೇವರಿಗೂ ನೀರು ಕಾಸಿ ಕೊಡ್ತಿದ್ರೇನವಾ?” ನಾನೂ ನಕ್ಕು ಸುಮ್ಮನಾದೆ. ಜಸ್ಟ್ ಎ ಸ್ಪೂನ್, ಅಷ್ಟೇ. ಅಕ್ಕ ದಿನಾ ಕುಡಿಯುತ್ತಿದ್ದರು. ನಾನು ಮಾತ್ರ ಜರ್ಮ್ಸ್‌ಗೆ ಹೆದರಿ, ಕುಡಿದಂತೆ ಮಾಡಿ ತಲೆಗೆ ಒರೆಸಿಕೊಳ್ಳುತ್ತಿದ್ದೆ.

ಊರಿನ ಆಶಾ ಕಾರ್ಯಕರ್ತೆ ಬಾವಿಯ ನೀರನ್ನು ಪರೀಕ್ಷೆಯ ಸಣ್ಣ ಬಾಟಲಿಗೆ ತುಂಬಿ ಇಟ್ಟಳು. ಮರುದಿನ ಅದು ಕರ್ರಗಾಗಿತ್ತು, ಅಂದರೆ ನೀರು ಕೆಟ್ಟಿತ್ತು. ಮಳೆಗೆ ಪಾಯಖಾನೆಯ ಗುಂಡಿ ತುಂಬಿ, ಅದರ ಹೊಲಸು ಒಳಗೊಳಗೇ ಬಾವಿಗೆ ಇಳಿದಿತ್ತು.

ಆರನೆಯ ದಿನ ಅಕ್ಕ ಹೋದರು.

ಈಗ ಆ ಗುಂಡಿ ಮುಚ್ಚಿಸಿದ್ದೇನೆ, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸುತ್ತೇನೆ. ತೀರ್ಥದ ನೀರೂ ಒಲೆಯ ಮೇಲೆ ಕುದಿಯುತ್ತದೆ. ಆದರೂ ಲೋಟ ಎತ್ತುವಾಗ ನಾನು ಮೂರು ಸಲ ಕುಡಿಸಿದ ಆ ತೀರ್ಥ ನೆನಪಾಗುತ್ತದೆ. ಡಾಕ್ಟರು ಆ ಐದು ದಿನವಾದರೂ ಉಳಿಸಿಕೊಟ್ಟರಲ್ಲ ಎಂದುಕೊಳ್ಳುತ್ತೇನೆ.

ಅಕ್ಕನನ್ನು ಕೊನೆಯ ಸಲ ನೋಡಿದ್ದು ಐಸಿಯುನಲ್ಲಿ. ತೀರ್ಥ ಕೇಳಿದರು. ನರ್ಸ್ ಒಪ್ಪಿದಳು. ನಾನು ಕುದಿಸಿ ತಂದಿದ್ದ ಫ್ಲಾಸ್ಕಿನ ನೀರನ್ನೇ ಒಂದು ಚಮಚ ಬಾಯಿಗೆ ಬಿಟ್ಟೆ. ನುಂಗಿ, ನನ್ನನ್ನೇ ನೋಡಿದರು.

“ಇದು ಕಾಸಿದ್ದೈತಿ.”

ಹೂಂ ಅಂದೆ.

“ಇರ್ಲಿ. ಇವತ್ತರ ನೀನೂ ಕುಡಿ. ತಲಿಗೆ ಒರಸ್ಕೋಬ್ಯಾಡ.”

ಅವರೆದುರಿಗೇ ಕುಡಿದೆ.