‘ಒಪ್ಪಲ್ಲ’ ಎಂದ ಪೊರಕೆಯಕ್ಕ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಅಡುಗೆಮನೆಗೂ ಮಲಗುವ ಕೋಣೆಗೂ ನಡುವಿನ ಇಕ್ಕಟ್ಟಿನಲ್ಲಿ ಒಂದು ಮಡಚುವ ಮೇಜು. ಅದರ ಮೇಲೆ ಲ್ಯಾಪ್‌ಟಾಪ್. ಪಕ್ಕದಲ್ಲಿ, ಸ್ಟೀಲ್ ತಟ್ಟೆಯೊಳಗೆ, ಅಂಗೈಯಗಲದ ಹಳೆಯ ಕಂಪ್ಯೂಟರ್ ಬೋರ್ಡು. ಸ್ವೆಟರಿನ ತೋಳು ಮೇಲೆ ಸರಿಸಿಕೊಂಡ ಐವತ್ತೊಂದರ ಹೆಂಗಸು ಒಂದು ಗುಂಡಿ ಒತ್ತಿ ಕೈಕಟ್ಟಿ ಕೂರುತ್ತಾರೆ. ಪರದೆಯ ಮೇಲೆ ಸಾಲುಗಳು ಹರಿಯುತ್ತವೆ. ಎಲ್ಲ ಹಸಿರು, ಒಂದು ಮಾತ್ರ ಕೆಂಪು: ಅಲ್ಲೇನೋ ತಪ್ಪಿದೆ.

“ಬಂತು ನೋಡಿ ಸವತಿ, ಬೆಳಬೆಳಿಗ್ಗೆನೇ,” ಎಂದು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಎಂಟು ಗಂಟೆಗೆ ಇವರು ಆಸ್ಪತ್ರೆಯ ಉಪಕರಣ ದುರಸ್ತಿ ವಿಭಾಗದಲ್ಲಿರಬೇಕು. ಅದಕ್ಕೆ ಮುಂಚಿನ ಎರಡೂವರೆ ಗಂಟೆ ಇವರ ಸ್ವಂತದ್ದು. ಹದಿನಾಲ್ಕು ವರ್ಷಗಳಿಂದ ಆ ಹೊತ್ತೆಲ್ಲ ಒಂದು ಪ್ರೋಗ್ರಾಮಿಂಗ್ ಭಾಷೆಯ ಹೊಟ್ಟೆಯೊಳಗೆ ಕಳೆಯುತ್ತದೆ. ಕಂಪ್ಯೂಟರಿಗೆ ಕೆಲಸ ಹೇಳಲು ಲಕ್ಷಾಂತರ ಜನ ಬಳಸುವ ಭಾಷೆ ಅದು, ಆದರೆ ಯಾರೊಬ್ಬರ ಸ್ವತ್ತೂ ಅಲ್ಲ. ಹಲವು ದೇಶಗಳ ಹತ್ತೊಂಬತ್ತು ಜನ ಸೇರಿ ಅದರ ಒಳಭಾಗವನ್ನು ರೂಪಿಸುತ್ತಾರೆ. ಹದಿನೈದು ದಿನಕ್ಕೊಮ್ಮೆ ಪರದೆಯ ಮೇಲೆ ಸಭೆ ಸೇರುತ್ತಾರೆ, ಉಳಿದ ದಿನ ಬರಹದಲ್ಲೇ ಜಗಳವಾಡುತ್ತಾರೆ. ಇವರಲ್ಲಿ ಯಾರ ಮುಖವೂ ಯಾವ ಪತ್ರಿಕೆಯಲ್ಲೂ ಬಂದಿಲ್ಲ.

ಗುಂಪಿನಲ್ಲಿ ಇವರ ಹೆಸರು ಪೊರಕೆಯಕ್ಕ. ಪ್ರೋಗ್ರಾಂ ಓಡುವಾಗ ಮೆಮೊರಿಯ ತುಂಬ ಬಳಸಿ ಬಿಟ್ಟ ಸಾಮಾನು ಹರಡಿಕೊಳ್ಳುತ್ತದೆ. ಯಾವುದು ಇನ್ನೂ ಬೇಕು, ಯಾವುದು ಬೇಡ ಎಂದು ನೋಡಿ ಜಾಗ ತೆರವು ಮಾಡುವ ಭಾಗ ಇವರ ಸುಪರ್ದಿಯಲ್ಲಿದೆ.

“ನಮ್ಮಮ್ಮ ನೆಂಟರ ಹತ್ರ ಹೇಳ್ತಿದ್ರು, ಇವಳು ಇಷ್ಟು ಓದಿ ಕಂಪ್ಯೂಟರಲ್ಲಿ ಕಸ ಗುಡಿಸ್ತಾಳಂತೆ ಅಂತ. ನಾನು ತಿದ್ದೋಕೆ ಹೋಗ್ಲಿಲ್ಲ. ಹೇಳಿದ್ದು ಸರಿಯಾಗೇ ಇತ್ತಲ್ಲ.”

ಭಾಷೆಯ ಹೊಸ ಆವೃತ್ತಿಯ ಚರ್ಚೆ ಶುರುವಾಗಿ ಒಂದೂವರೆ ವರ್ಷ. ಗುಂಪಿನ ಮುಖ್ಯ ವಿನ್ಯಾಸಕರು, ಎಲ್ಲರೂ ಗೌರವಿಸುವ ಹಿರಿಯರು, ಒಂದು ಪ್ರಸ್ತಾಪ ಮುಂದಿಟ್ಟರು. ಮೆಮೊರಿಯನ್ನು ಎರಡು ಅಂಗಳವಾಗಿ ಸೀಳೋಣ. ಒಂದು ತುಂಬಿದಾಗ ಬೇಕಾದ್ದನ್ನಷ್ಟೇ ಇನ್ನೊಂದಕ್ಕೆ ಸಾಗಿಸಿ, ಹಳೆಯದನ್ನು ಒಂದೇ ಏಟಿಗೆ ಖಾಲಿ ಮಾಡೋಣ. ವೇಗ ಹೆಚ್ಚುತ್ತದೆ, ಕೋಡ್ ಸರಳವಾಗುತ್ತದೆ. ಹದಿನೆಂಟು ಜನ ತಲೆದೂಗಿದರು.

ಪೊರಕೆಯಕ್ಕ ಬರೆದದ್ದು ಎರಡೇ ಸಾಲು. “ಒಪ್ಪಲ್ಲ. ಒಂದೇ ಕೋಣೆ ಮನೇಲಿರೋರು ಎರಡು ಅಂಗಳ ಎಲ್ಲಿಂದ ತರಬೇಕು?”

ಆ ಒಂದೇ ಕೋಣೆಯ ಮನೆಗಳನ್ನು ಇವರು ದಿನವೂ ಕೈಯಲ್ಲಿ ಹಿಡಿಯುತ್ತಾರೆ. ಆಸ್ಪತ್ರೆಗೆ ಸೇರಿದ ಸಣ್ಣ ಸಣ್ಣ ಚಿಕಿತ್ಸಾ ಕೇಂದ್ರಗಳಲ್ಲಿ ರಕ್ತ ಪರೀಕ್ಷೆಯ ಅರವತ್ತೆರಡು ಯಂತ್ರಗಳಿವೆ. ಒಳಗಿರುವುದು ಹಳೆಯ ಪುಟ್ಟ ಬೋರ್ಡು, ಅಂಗೈಯಷ್ಟು ಮೆಮೊರಿ; ಅದರಲ್ಲಿ ಅರ್ಧವನ್ನು ಎರಡನೇ ಅಂಗಳಕ್ಕೆಂದು ಖಾಲಿ ಬಿಡಲಾಗದು. ಯಂತ್ರದ ತಂತ್ರಾಂಶ ಬರೆದಿರುವುದು ಇದೇ ಭಾಷೆಯಲ್ಲಿ. ಹೊಸ ಆವೃತ್ತಿ ಅವುಗಳ ಮೇಲೆ ಓಡದಿದ್ದರೆ ಮುಂದಿನ ಯಾವ ತಿದ್ದುಪಡಿಯೂ, ಯಾವ ಭದ್ರತೆಯೂ ಅವುಗಳಿಗಿಲ್ಲ. ಒಂದೆರಡು ವರ್ಷದಲ್ಲಿ ಎಲ್ಲ ಗುಜರಿಗೆ. ಆಮೇಲೆ ಸಕ್ಕರೆ ಕಾಯಿಲೆಯ ಮುದುಕಿಯೊಬ್ಬಳು ಒಂದು ಹನಿ ರಕ್ತ ಕೊಡಲು ಮೂರು ಬಸ್ಸು ಬದಲಾಯಿಸಿ ಬರಬೇಕು.

“‘ಆ ಬೋರ್ಡು ಈಗ ಯಾರು ಬಳಸ್ತಾರೆ’ ಅಂತ ಸಭೇಲಿ ಕೇಳಿದ್ರು. ಮಾರನೇ ದಿನ ಅರವತ್ತೆರಡೂ ಯಂತ್ರದ ಫೋಟೋ ಕಳಿಸ್ದೆ. ಒಂದೊಂದರ ಕೆಳಗೆ, ಹಿಂದಿನ ದಿನ ಎಷ್ಟು ಜನರ ರಕ್ತ ನೋಡಿತ್ತು ಅನ್ನೋ ಸಂಖ್ಯೆ.”

ಗುಂಪಿಗೆ ಒಂದು ಹಳೆಯ ನಿಯಮವಿದೆ. ಒಬ್ಬರೇ ಒಬ್ಬರು ಕಾರಣ ಕೊಟ್ಟು ‘ಒಪ್ಪಲ್ಲ’ ಎಂದರೂ, ಅದಕ್ಕೆ ಸರಿಯಾದ ಉತ್ತರ ಸಿಗುವತನಕ ತೀರ್ಮಾನವಿಲ್ಲ. ಹೀಗಾಗಿ ಹೊಸ ಆವೃತ್ತಿ ಏಳು ತಿಂಗಳು ಇವರ ಎರಡು ಸಾಲಿನ ಮುಂದೆ ನಿಂತುಕೊಂಡಿತು. ಗುರುತಿಲ್ಲದವರು ಬಯ್ದು ಬರೆದರು. ‘ರಿಪೇರಿ ಹೆಂಗಸಿಗೆ ವಿನ್ಯಾಸ ಏನು ಗೊತ್ತು’ ಎಂಬ ಮಾತೂ ಬಂತು. “ರಿಪೇರಿ ಮಾಡೋರಿಗೇ ಗೊತ್ತಿರೋದು, ಯಾವುದು ಎಲ್ಲಿ ಮುರಿಯುತ್ತೆ ಅಂತ,” ಎಂದು ಉತ್ತರಿಸಿ ಕೆಲಸಕ್ಕೆ ಕುಳಿತರು.

ಬೇಡ ಎಂದರಷ್ಟೇ ಸಾಲದು, ಬದಲಿ ಕೊಡಬೇಕು. ಒಂದೇ ಅಂಗಳದಲ್ಲಿ, ಬೇಕಾದ ಸಾಮಾನನ್ನು ಸ್ವಲ್ಪ ಸ್ವಲ್ಪವೇ ಒಂದು ಮೂಲೆಗೆ ಒತ್ತರಿಸುತ್ತ ಹೋಗುವ ವಿಧಾನವನ್ನು ಇವರು ಬರೆಯತೊಡಗಿದರು. ಅದನ್ನು ಪರಿಶೀಲಿಸಲು ಗುಂಪು ನೇಮಿಸಿದ್ದು ಬೇರೊಂದು ದೇಶದ ಕಾಲೇಜಿನಲ್ಲಿ ಪಾಠ ಹೇಳುವ, ಎಲ್ಲರೂ ‘ಮೇಡಂ’ ಎನ್ನುವ ಕಟ್ಟುನಿಟ್ಟಿನ ಹೆಂಗಸನ್ನು. ಅವರು ಎರಡು ಅಂಗಳದ ಪಕ್ಷದವರು. ಮೊದಲ ಓದಿಗೇ ನೂರ ನಲವತ್ತಮೂರು ತಕರಾರು ಬರೆದರು.

ಐದನೇ ತಿಂಗಳು ಪೆಟ್ಟು ಬಿತ್ತು. ಪೊರಕೆಯಕ್ಕನ ಕೋಡು ಅಪರೂಪಕ್ಕೊಮ್ಮೆ, ಬಳಕೆಯಲ್ಲಿರುವ ಸಾಮಾನನ್ನೂ ಕಸವೆಂದು ಎಸೆಯುತ್ತದೆ ಎಂದು ಮೇಡಂ ತೋರಿಸಿಕೊಟ್ಟರು. ರಕ್ತ ಪರೀಕ್ಷೆಯ ಯಂತ್ರದಲ್ಲಾದರೆ ಒಬ್ಬರ ಫಲಿತಾಂಶವೇ ಮಾಯ.

“ಆವತ್ತು ಆಸ್ಪತ್ರೇಲಿ ಸ್ಕ್ರೂಡ್ರೈವರ್ ಹಿಡಿಯೋಕೂ ಕೈ ಬರ್ಲಿಲ್ಲ,” ಎನ್ನುತ್ತಾರೆ. “ಯಾರಿಗೋಸ್ಕರ ಹಟ ಹಿಡಿದಿದ್ನೋ ಅವರಿಗೇ ಅನ್ಯಾಯ ಮಾಡ್ತಿದ್ದೆ. ಹಾಗಂತಲೇ ಬರೆದೆ. ತಪ್ಪು ನಂದು. ಆದ್ರೆ ಆಕ್ಷೇಪ ಹಾಗೇ ಇದೆ ಅಂತ.”

ಆ ಉತ್ತರ ಓದಿದ ಮೇಡಂ ಅವರನ್ನು ನಾನು ಫೋನಿನಲ್ಲಿ ಮಾತನಾಡಿಸಿದೆ. “ಸಾಮಾನ್ಯವಾಗಿ ಜನ ತಪ್ಪು ಮುಚ್ಚಿಡ್ತಾರೆ, ಇಲ್ಲಾಂದ್ರೆ ಬಿಟ್ಟು ಹೋಗ್ತಾರೆ. ಇವರು ಎರಡೂ ಮಾಡ್ಲಿಲ್ಲ. ಸರಿ, ಹಾಗಾದ್ರೆ ಬನ್ನಿ, ಕೂತು ಸರಿ ಮಾಡೋಣ ಅಂದೆ,” ಎಂದರು. ಆಮೇಲಿನ ಹತ್ತು ವಾರ ಇಬ್ಬರೂ ಬೆಳಿಗ್ಗೆ ಐದಕ್ಕೆ ಒಂದೇ ಪರದೆ ನೋಡುತ್ತ ಕುಳಿತರು. ಮೇಡಂಗೆ ಅದು ಮಧ್ಯಾಹ್ನದ ಹೊತ್ತು.

ನಡುವೆ ರಾಜಿ ಮಾತೂ ಬಂತು. ದೊಡ್ಡ ಕಂಪ್ಯೂಟರಿಗೆ ಎರಡು ಅಂಗಳ, ಚಿಕ್ಕದಕ್ಕೆ ನಿಮ್ಮದು, ಬೇರೆ ಬೇರೆ ಇರಲಿ ಎಂದು ಗುಂಪಿನ ಕೆಲವರು ಸೂಚಿಸಿದರು. ಪೊರಕೆಯಕ್ಕ ಅದಕ್ಕೂ ಒಪ್ಪಲಿಲ್ಲ. “ಬೇರೆ ಇಟ್ರೆ ನಮ್ಮದನ್ನ ಯಾರೂ ನೋಡಲ್ಲ. ಹಿಂದಿನ ಬೋಗಿ ಥರ ಎಲ್ಲೋ ಕಳಚ್ಕೊಳ್ಳುತ್ತೆ. ಎಲ್ಲರಿಗೂ ಒಂದೇ ಇರ್ಲಿ. ಆಗ ಕೆಟ್ಟರೆ ಎಲ್ಲರೂ ಓಡಿ ಬರ್ತಾರೆ.”

ಇದನ್ನೆಲ್ಲ ಕೇಳುತ್ತ ಬಾಗಿಲಿಗೊರಗಿ ಟೀ ಕುಡಿಯುತ್ತಿರುವ ಗಂಡ ಬಸ್ ಚಾಲಕ. “ಇವಳ ಹಟ ಅವರಿಗೆ ಈಗ ಗೊತ್ತಾಗ್ತಿದೆ. ನಾನು ಇಪ್ಪತ್ತಾರು ವರ್ಷದಿಂದ ಅನುಭವಿಸ್ತಿದೀನಿ,” ಎಂದು ನಕ್ಕು, ಸಮವಸ್ತ್ರದ ಗುಂಡಿ ಹಾಕಿಕೊಂಡು ಹೊರಡುತ್ತಾರೆ.

ಕೊನೆಗೆ ಎರಡೂ ವಿಧಾನಗಳನ್ನು ದೊಡ್ಡವು ಚಿಕ್ಕವೆನ್ನದೆ ಎಲ್ಲ ಬಗೆಯ ಕಂಪ್ಯೂಟರುಗಳ ಮೇಲೆ ಮೂರು ವಾರ ಓಡಿಸಿ ನೋಡಿದರು. ದೊಡ್ಡವುಗಳಲ್ಲಿ ಪೊರಕೆಯಕ್ಕನ ವಿಧಾನ ನೂರಕ್ಕೆ ನಾಲ್ಕು ಪಾಲು ನಿಧಾನ. ಚಿಕ್ಕವುಗಳಲ್ಲಿ ಎರಡು ಅಂಗಳದ ವಿಧಾನ ಓಡಲೇ ಇಲ್ಲ. ಮುಖ್ಯ ವಿನ್ಯಾಸಕರು ಸಭೆಯಲ್ಲಿ ಅಂಕಿಗಳನ್ನು ಓದಿ ಹೇಳಿದ್ದು ಇಷ್ಟು: “ನಾಲ್ಕು ಪಾಲು ನಿಧಾನ ಆದ್ರೆ ನಾವು ಗೊಣಗ್ತೀವಿ, ಅಷ್ಟೇ. ನನ್ನ ವಿಧಾನದಲ್ಲಿ ಅವರ ಯಂತ್ರ ನಿಂತೇ ಹೋಗುತ್ತೆ. ನನ್ನ ಪ್ರಸ್ತಾಪ ವಾಪಸ್ ತಗೋತೀನಿ.” ಇಬ್ಬರು ಸದಸ್ಯರು ಮುನಿಸಿಕೊಂಡು ಗುಂಪು ಬಿಟ್ಟರು. ಆ ನೋವು ಪೊರಕೆಯಕ್ಕನಿಗೆ ಈಗಲೂ ಇದೆ. ಅವರಲ್ಲೊಬ್ಬರು ಇವರಿಗೆ ಈ ಕೆಲಸ ಕಲಿಸಿದವರು.

ಹೊಸ ಆವೃತ್ತಿ ಕಳೆದ ತಿಂಗಳು ಹೊರಬಂದಿದೆ. ಅದರ ಪ್ರಕಟಣೆ ನಲವತ್ತು ಪುಟ. ಇಷ್ಟೆಲ್ಲ ನಡೆದದ್ದಕ್ಕೆ ಮೂವತ್ತೊಂದನೇ ಪುಟದಲ್ಲಿ ಒಂದು ಸಾಲು: ‘ಮೆಮೊರಿ ನಿರ್ವಹಣೆಯಲ್ಲಿ ಸುಧಾರಣೆ.’ ಯಾರ ಹೆಸರೂ ಇಲ್ಲ. ಅರವತ್ತೆರಡು ಯಂತ್ರಗಳಲ್ಲಿ ನಲವತ್ತೇಳಕ್ಕೆ ಅದನ್ನು ಇವರೇ ಹೋಗಿ ಹಾಕಿ ಬಂದಿದ್ದಾರೆ. ಉಳಿದವಕ್ಕೆ ಈ ವಾರ ಹೋಗಬೇಕು.

ಹೆಸರು ಹಾಕಿಲ್ಲವೆಂದು ಬೇಸರವಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಇವರ ಚಿಂತೆ ಬೇರೆ. ಒಬ್ಬರ ಆಕ್ಷೇಪಕ್ಕಾಗಿ ಏಳು ತಿಂಗಳು ಕಾಯುವಂತಾಯಿತು, ಇನ್ನು ಬಹುಮತದ ಮೇಲೆ ನಡೆಯೋಣ, ಆ ಹಳೆಯ ನಿಯಮ ತೆಗೆದುಬಿಡೋಣ ಎಂಬ ಪ್ರಸ್ತಾಪ ಬಂದಿದೆ. ಮುಂದಿನ ಸಭೆಯಲ್ಲಿ ಅದರ ಚರ್ಚೆ.

“ನನ್ನ ಹೆಸರು ಎಲ್ಲೂ ಬೇಡ,” ಎಂದು ಲ್ಯಾಪ್‌ಟಾಪ್ ಮುಚ್ಚುತ್ತಾರೆ. “ಆ ಒಂದು ನಿಯಮ ಉಳೀಲಿ. ನಾಳೆ ಇನ್ಯಾರೋ ನನ್ನ ಕೋಡನ್ನೇ ಒಪ್ಪಲ್ಲ ಅನ್ನಬಹುದು. ಅವರ ಮಾತು ಕೇಳೋಕೆ ನಾವು ನಿಂತ್ಕೋಬೇಕಲ್ಲ.”

ತೆಗೆದೇ ತೆಗೆಯುತ್ತೇವೆ ಎಂದರೆ?

ಟೂಲ್ ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟುತ್ತ ಹೇಳುತ್ತಾರೆ: “ನಿಯಮ ಇನ್ನೂ ಇದೆಯಲ್ಲ. ನಿನ್ನೆನೇ ಬರೆದು ಹಾಕಿದೀನಿ, ಒಪ್ಪಲ್ಲ ಅಂತ.”