ಪಡುವಣ ಗೋಡೆಯ ಹುಳುಗಳು

ಕೊಂಡ್ಲಹಳ್ಳಿಯ ಸೂರಮ್ಮನ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲೇ ರಶ್ಮಿತಾಳಿಗೆ ಒಂದು ಮಾತು ಮನದಟ್ಟಾಗಿತ್ತು: ಈ ಮನೆಯಲ್ಲಿ ಏನು ಚೆನ್ನಾಗಿ ಆದರೂ ಅದು ಕಾಟಮ್ಮನ ಕೈಗುಣ. ಸಾರು ರುಚಿಯಾದರೆ ಕಾಟಮ್ಮನ ಕೈಗುಣ, ಎಮ್ಮೆ ಒದೆಯದೆ ಹಾಲು ಕೊಟ್ಟರೆ ಕಾಟಮ್ಮನ ಕೈಗುಣ, ರೇಷ್ಮೆಹುಳು ಗಟ್ಟಿ ಗೂಡು ಕಟ್ಟಿದರಂತೂ ಕೇಳುವುದೇ ಬೇಡ. ಕಾಟಮ್ಮ ಅವಳ ವಾರಗಿತ್ತಿ, ಭಾವ ಚಿನ್ನಯ್ಯನ ಹೆಂಡತಿ. ರಶ್ಮಿತಾಳ ಮಗಳು ಚಿಟ್ಟಿ ಕೂಡ, ಹಲ್ಲು ಬರುವ ನೋವಿಗೆ ಅಮ್ಮನ ಹೆಗಲ ಮೇಲೆ ಕಿರುಚಿ ಕಿರುಚಿ ಕೆಂಪಾದವಳು, ದೊಡ್ಡವ್ವನ ಸೊಂಟ ಏರಿದ ಕೂಡಲೇ ಸುಮ್ಮನಾಗಿಬಿಡುತ್ತಿದ್ದಳು. ರಶ್ಮಿತಾ ಅದನ್ನು ನೋಡಿ ನಗುತ್ತಿದ್ದಳು. ಆ ನಗು ತುಟಿಯಲ್ಲೇ ನಿಲ್ಲುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಹಾಗಾಗಿ ತೋಟದ ಅಂಚಿನಲ್ಲಿ ಇಟ್ಟಿಗೆಯ ಹೊಸ ಹುಳದ ಮನೆ ಎದ್ದು, ಅತ್ತೆ ಅದರ ಬೀಗದಕೈಯನ್ನು ತನ್ನ ಕೈಗೆ ಕೊಟ್ಟ ದಿನ ಅವಳಿಗೆ ಆದ ಸಂತೋಷಕ್ಕೆ ಮದುವೆಯ ದಿನದ ಸಂತೋಷವೂ ಸಾಟಿಯಲ್ಲ.

"ನೀನು ಓದಿದಾಕಿ. ಈ ಬೇಸಿಗೆ ಬೆಳೆ ನೀನೇ ಎತ್ತು," ಎಂದಿದ್ದಳು ಸೂರಮ್ಮ. "ಬೆಳೆ ಚಂದಾಗಿ ಬಂತೋ, ಬೀಗದಕೈ ನಿನ್ ತಾವೇ ಇರ್ಲಿ. ಕೆಡ್ತೋ, ಕಾಟಮ್ಮಂಗೆ ಕೊಟ್ಬಿಡು. ಆಮೇಲೆ ಮುಖ ಊದಿಸ್ಕಂಡು ಓಡಾಡಬಾರ್ದು, ಈಗ್ಲೇ ಹೇಳೀನಿ."

ಕಾಟಮ್ಮನಿಗೆ ಉಳಿದದ್ದು ಹಿತ್ತಲಿನ ಹಳೆಯ ತಗಡಿನ ಕೊಟ್ಟಿಗೆ. ಇಬ್ಬರೂ ಒಂದೇ ದಿನ ಚಾಕಿಹುಳು, ಅಂದರೆ ಎಳೆಯ ಮರಿಹುಳು, ತಂದರು, ಒಂದೇ ತೋಟದ ಹಿಪ್ಪುನೇರಳೆ ಸೊಪ್ಪು ಹಾಕಿದರು. ರಶ್ಮಿತಾ ಗಂಡ ಎರ್ರಿಸ್ವಾಮಿಯ ಬೆನ್ನುಹತ್ತಿ ಚಳ್ಳಕೆರೆಯಿಂದ ದೊಡ್ಡ ಕೂಲರ್ ತರಿಸಿದಳು. ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಬಿಗಿದು, ತಂಪು ಹೊರಗೆ ಸೋರದಂತೆ ಮೊಳೆ ಹೊಡೆಸಿದಳು. ಹೊರಗೆ ಏಪ್ರಿಲ್ಲಿನ ಬಿಸಿಲಿಗೆ ನಾಯಿ ಕೂಡ ನಾಲಿಗೆ ಒಳಗೆ ಎಳೆದುಕೊಳ್ಳುತ್ತಿರಲಿಲ್ಲ. ಒಳಗೆ ಅವಳ ಹುಳುಗಳು ಊಟಿಗೆ ಹೋದ ನೆಂಟರಂತೆ ಸೊಪ್ಪು ಮೇಯುತ್ತಿದ್ದವು.

ಪಡುವಣ ಗೋಡೆಯ ಅಟ್ಟಣಿಗೆ ಮಾತ್ರ ಅವಳ ಕಣ್ಣಿಗೆ ಕಸ. ಕೂಲರಿನ ಗಾಳಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನ ಇಳಿಯುತ್ತಿದ್ದಂತೆ ಗೋಡೆ ಬೆಚ್ಚಗಾಗಿ ಆ ಹುಳುಗಳು ಸೊಪ್ಪು ಬಿಟ್ಟು ತಲೆ ಎತ್ತಿ ನಿಲ್ಲುತ್ತಿದ್ದವು, ಸಂಜೆ ತಣಿದ ಮೇಲೆ ಮತ್ತೆ ಮೇವಿಗೆ ಬಾಯಿ ಹಾಕುತ್ತಿದ್ದವು. ಮಿಕ್ಕವು ದುಂಡಗೆ ಬೆಳೆದರೆ ಇವು ಒಂದು ಸುತ್ತು ಸಣ್ಣ. "ಇವು ನನ್ನ ಮಲಮಕ್ಕಳು," ಎಂದು ಗಂಡನಿಗೆ ಹೇಳಿ ನಗುತ್ತಿದ್ದಳು. ಮನಸ್ಸಿನಲ್ಲಿ ಅವಕ್ಕೆ ಇಟ್ಟ ಹೆಸರು ಬೇರೆ: ಕಾಟಮ್ಮನ ಹುಳು.

ಹುಳದ ಮನೆಗೆ ಹೊರಗಿನವರನ್ನು ಬಿಡಬಾರದೆಂಬ ಕಟ್ಟು ಆ ಸೀಮೆಯಲ್ಲಿ ಎಲ್ಲರಿಗೂ ಇದೆ. ಯಾರ ಕಾಲಲ್ಲಿ ಯಾವ ರೋಗ ಬರುವುದೋ, ಯಾರ ಕಣ್ಣು ಹೇಗೋ. ಆದರೆ ಮನೆಯವರಿಗೆ ಆ ಕಟ್ಟು ಹಾಕಿದವರು ಇರಲಿಲ್ಲ. ಹುಳು ನಾಲ್ಕನೇ ಜ್ವರ ಎದ್ದು ಪೊರೆ ಕಳಚಿದ ದಿನ ಕಾಟಮ್ಮ ಚಪ್ಪಲಿ ಬಿಟ್ಟು, ಕಾಲು ತೊಳೆದು, ಬಾಗಿಲಲ್ಲಿ ಬಂದು ನಿಂತಳು.

"ಎಷ್ಟು ತಣ್ಣಗೈತಲ್ಲೇ ರಶ್ಮೀ! ಒಂಚೂರು ಒಳಗ್ ಬರ್ಲಾ?"

"ಬ್ಯಾಡ ಅಕ್ಕ. ನೀವು ಆ ಕೊಟ್ಟಿಗೇಲಿಂದ ಬಂದೀರಿ. ಅಲ್ಲಿ ಸೋಂಕಿದ್ರೆ ಇಲ್ಲಿಗೆ ಹತ್ಕಳ್ತದೆ."

ಕಾಟಮ್ಮ ಒಂದು ಕ್ಷಣ ಕೂಲರನ್ನು ನೋಡಿದಳು. "ಹೂಂ, ಅದೂ ಸರಿಯೇ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವತ್ತಿನಿಂದ ರಶ್ಮಿತಾ ನೀರು ಸೇದಲು ಹೋದರೂ ಬೀಗ ಹಾಕಿ, ಬೀಗದಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳತೊಡಗಿದಳು.

ಹುಳು ಹಣ್ಣಾಗಲು, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ತೊಡಗುವುದಕ್ಕೆ, ಇನ್ನು ಹೆಚ್ಚು ದಿನವಿರಲಿಲ್ಲ. ಆಗ ಕೂಲರಿನ ಹುಲ್ಲಿನ ಪ್ಯಾಡ್ ಕೊಳೆತು ವಾಸನೆ ಹೊಡೆಯಿತು. ಎರ್ರಿಸ್ವಾಮಿ ಕಡಿಮೆ ಬಿದ್ದ ಸೊಪ್ಪು ತರಲು ಪಕ್ಕದೂರಿಗೆ ಹೋಗಿದ್ದ. ತಾನೇ ಹೋಗಿ ಹೊಸದು ತರುತ್ತೇನೆಂದು ರಶ್ಮಿತಾ ಬೆಳಗಿನ ಬಸ್ಸಿಗೆ ಹೊರಟಳು. ಚಿಟ್ಟಿಯನ್ನು ಬಿಟ್ಟುಹೋಗು ಎಂದು ಕಾಟಮ್ಮ ಕೈಚಾಚಿದಳು. ಮಗು ಆಗಲೇ ಅತ್ತ ವಾಲಿತ್ತು. "ಬ್ಯಾಡ, ನಂಜೊತೆ ಬರ್ಲಿ," ಎಂದು ರಶ್ಮಿತಾ ಎಳೆದುಕೊಂಡಳು.

ಚಳ್ಳಕೆರೆಯಲ್ಲಿ ಮುಬಾರಕ್ ಮೆಕ್ಯಾನಿಕ್‌ನ ಅಂಗಡಿ. ಅವನು ಪ್ಯಾಡ್ ಕತ್ತರಿಸುತ್ತಾ ನಕ್ಕ.

"ಹುಳಕ್ಕೆ ಕೂಲರ್! ಯಾ ಅಲ್ಲಾ, ನಮ್ಮ ಬೇಗಂ ಕೇಳಿಸ್ಕೊಂಡ್ರೆ ನನ್ ಗತಿ ಏನಮ್ಮಾ? ಬೀಸಣಿಗೇಲೇ ದಿನ ತಳ್ತಾವ್ಳೆ ಪಾಪ."

"ಅವ್ರೂ ರೇಷ್ಮೆ ಉಗಿದ್ರೆ ತಂದ್ಕೊಡ್ರಿ."

"ಬೆಂಕಿ ಉಗೀತಾಳೆ, ರೇಷ್ಮೆ ಎಲ್ಲಿಂದ! ಅಲ್ಲಾ, ಕರೆಂಟ್ ಹೋದ್ರೆ ಏನ್ ಮಾಡ್ತೀರಿ?"

"ನಮ್ ಕಡೆ ಹೋದ್ರೂ ಬೇಗ ಬರ್ತದೆ," ಎಂದಳು ರಶ್ಮಿತಾ.

ಮಧ್ಯಾಹ್ನ ಬಸ್ಸಿನಲ್ಲಿ ಮಗು ನಿದ್ದೆಗೆ ಜಾರಿದಾಗ ಫೋನ್ ನಡುಗಿತು. ಪರದೆಯ ಮೇಲೆ ಕಾಟಮ್ಮ ಅಕ್ಕ. 'ಚಿಟ್ಟಿ ಊಟ ಮಾಡಿದ್ಲಾ ಅಂತ ಕೇಳ್ತಾಳೆ, ನನಗೆ ಗೊತ್ತಿಲ್ಲವೇನೋ ಎಂಬಂತೆ,' ಎಂದುಕೊಂಡು ಕರೆ ಕಡಿದಳು. ಮತ್ತೆ ಬಂತು. ಸದ್ದಡಗಿಸಿ ಚೀಲಕ್ಕೆ ಹಾಕಿದಳು.

ಬಸ್ಸಿಳಿದು ತೋಟದ ದಾರಿ ಹಿಡಿದಾಗಲೇ ಏನೋ ಆಗಿದೆ ಎನ್ನಿಸಿತು. ಕೂಲರಿನ ಸದ್ದಿಲ್ಲ. ಹುಳದ ಮನೆಯ ಗೋಡೆಯೆಲ್ಲ ಒದ್ದೆ. ಕಾಟಮ್ಮ ಕೊಡ ಹಿಡಿದು ಮೊಣಕಾಲವರೆಗೂ ಕೆಸರಾಗಿ ನಿಂತಿದ್ದಾಳೆ, ಮಾಡಿನ ಮೇಲಿಂದ ನೀರು ಆವಿಯಾಗಿ ಏಳುತ್ತಿದೆ. ಎಲ್ಲೋ ತಂತಿ ಕಡಿದು, ಬಿಸಿಲು ನೆತ್ತಿಗೇರುವ ಮುಂಚೆಯೇ ಕರೆಂಟ್ ಹೋಗಿತ್ತು. ಬೀಗ ತೆಗೆದಾಗ ಬೆಂದ ಸೊಪ್ಪಿನ ಹಬೆ ಮುಖಕ್ಕೆ ರಾಚಿತು. ಕೂಲರಿನ ಎದುರಿನ ಅಟ್ಟಣಿಗೆಗಳಲ್ಲಿ ಅವಳ ದುಂಡನೆಯ ಹುಳುಗಳು ಮೆತ್ತಗೆ, ಉದ್ದಕ್ಕೆ, ಅಲ್ಲಾಡದೆ ಬಿದ್ದಿದ್ದವು. ಬೆರಳು ತಾಕಿಸಿದಳು. ಚಿಟ್ಟಿಯ ಕೆನ್ನೆ ಮುಟ್ಟುವಷ್ಟೇ ಮೆಲ್ಲಗೆ. ಒಂದೂ ಮಿಸುಕಲಿಲ್ಲ.

"ನಿಮ್ಮ ಕಣ್ಣು ಬಿತ್ತು," ಎಂದಳು ತಿರುಗಿ. ಆ ಮಾತು ತಾನಾಗಿ ಹೊರಬಿತ್ತು. "ಅವತ್ತು ಬಾಗಿಲಲ್ಲಿ ನಿಂತು ನೋಡಿದ್ರಲ್ಲ, ಅವತ್ತೇ ಬಿತ್ತು. ನಿಮ್ಮ ಹುಳ ಹೆಂಗೈತೆ?"

"ಅವೂ ಬಾಡಿದ್ವು. ಈಗ ಮೇಯ್ತಾವೆ," ಎಂದಳು ಕಾಟಮ್ಮ ಸಣ್ಣಗೆ.

"ಮೇಯ್ತಾವಂತೆ! ಮೇಯ್ದೇ ಇರ್ತಾವಾ!"

ಕಾಟಮ್ಮ ಕೊಡ ಕೆಳಗಿಟ್ಟಳು. "ನಾ ಫೋನ್ ಮಾಡ್ದೆ, ನೀ ಕಟ್ ಮಾಡ್ದೆ. ಬೀಗದಕೈ ನಿನ್ ಸೆರಗಲ್ಲಿ ಚಳ್ಳಕೆರೆಗೆ ಹೋಗಿತ್ತು. ಕಿಟಕಿಗೆ ಮೊಳೆ. ಬೀಗ ಒಡೀಬಹುದಿತ್ತು, ಕಲ್ಲೂ ತಗಂಡಿದ್ದೆ. ಒಡೆದು ಒಳಗೆ ಹೋಗಿ, ಆಗಲೂ ಹುಳ ಸತ್ತಿದ್ರೆ ನೀನು ಏನಂತಿದ್ದೆ, ನೀನೇ ಹೇಳು."

ರಶ್ಮಿತಾ ಏನನ್ನುತ್ತಿದ್ದಳೆಂದು ಇಬ್ಬರಿಗೂ ಗೊತ್ತಿತ್ತು.

ಕಾಟಮ್ಮ ಮಗುವನ್ನು ಎತ್ತಿಕೊಂಡು ಹೋದ ಮೇಲೆ ರಶ್ಮಿತಾ ಬಾಗಿಲ ಪಕ್ಕದ ಕಿಟಕಿಯ ಪ್ಲಾಸ್ಟಿಕ್ ಹರಿದು ತೆರೆದಳು, ಸತ್ತ ಹುಳುಗಳನ್ನು ಮೊರಕ್ಕೆ ತುಂಬತೊಡಗಿದಳು. ಅಳು ಬರುತ್ತಿತ್ತು, ಕೈ ನಿಲ್ಲಿಸಲಿಲ್ಲ. ಕೊನೆಗೆ ಪಡುವಣ ಗೋಡೆಯ ಹತ್ತಿರ ಬಂದವಳು ಹಾಗೇ ನಿಂತಳು. ಮಲಮಕ್ಕಳು ಬದುಕಿದ್ದವು. ಎಲ್ಲವೂ ಅಲ್ಲ, ನಡುನಡುವೆ ಸತ್ತವೂ ಇದ್ದವು. ಆದರೆ ಹೆಚ್ಚಿನವು ತಲೆ ಎತ್ತಿ, ದಿನದಂತೆ, ತಣಿಯಲೆಂದು ಕಾಯುತ್ತಿದ್ದವು. ಆ ಕಡೆಯ ಕಿಟಕಿಯ ಸಂದಿಯಿಂದ ಗಾಳಿ ಬಂದಿರಬಹುದೇ ಎಂದು ಅಲ್ಲಿನ ಪ್ಲಾಸ್ಟಿಕ್ಕಿನ ಅಂಚಿಗೆ ಕೈಯಾಡಿಸಿದಳು. ಮೊಳೆ ಬಿಗಿಯಾಗಿಯೇ ಇತ್ತು. ಗೋಡೆ ಇನ್ನೂ ಸುಡುತ್ತಿತ್ತು. ಇಡೀ ಮನೆಯಲ್ಲಿ ಹೆಚ್ಚು ಬೆಂದ ಜಾಗವೇ ಇದು.

ಆಗ ಅವಳಿಗೆ ಚಳ್ಳಕೆರೆಯ ಕಾಲೇಜು ನೆನಪಾಯಿತು. ಸಬೀನಾ ಮೇಡಂ ಒಮ್ಮೆ ತರಗತಿಗೆ ಹಸಿ ಮೊಟ್ಟೆ ಒಂದು, ಬೇಯಿಸಿದ ಮೊಟ್ಟೆ ಒಂದು ತಂದಿದ್ದರು. ಜೀವಕೋಶದೊಳಗಿನ ಪ್ರೋಟೀನುಗಳು ಅಂಗಡಿಯಲ್ಲಿಟ್ಟ ಮೊಳಕಾಲ್ಮೂರು ಸೀರೆಗಳಿದ್ದಂತೆ, ಮಡಿಕೆ ಸರಿಯಾಗಿದ್ದರಷ್ಟೇ ಕೆಲಸಕ್ಕೆ ಬರುತ್ತವೆ ಎಂದಿದ್ದರು. ಶಾಖ ಏರಿದರೆ ಮಡಿಕೆ ಬಿಚ್ಚುತ್ತದೆ, ಬಿಚ್ಚಿದವು ಒಂದಕ್ಕೊಂದು ತೊಡರಿ, ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತವೆ. ಆದರೆ ಬಿಸಿ ತಾಕುತ್ತಿದ್ದಂತೆ ಕೋಶ ಸುಮ್ಮನೆ ಕೂರುವುದಿಲ್ಲ. ಇತರ ಕೆಲಸ ತಗ್ಗಿಸಿ ಹೀಟ್ ಶಾಕ್ ಪ್ರೋಟೀನುಗಳನ್ನು ತಯಾರಿಸುತ್ತದೆ. ಬಿಚ್ಚುತ್ತಿರುವ ಮಡಿಕೆಗಳನ್ನು ತೊಡರದಂತೆ ಹಿಡಿದುಕೊಳ್ಳುವುದು, ಮತ್ತೆ ಮಡಚಲು ನೆರವಾಗುವುದು, ಸರಿಹೋಗದ್ದನ್ನು ಒಡೆಯಲು ಕಳಿಸುವುದು ಅವುಗಳ ಕೆಲಸ. ಸಣ್ಣ ಬಿಸಿಗೆ ಹುಟ್ಟಿದ ಇವು ಕೆಲಕಾಲ ಉಳಿದಿರುತ್ತವೆ; ಅಷ್ಟರೊಳಗೆ ದೊಡ್ಡ ಬಿಸಿ ಬಂದರೆ ಕೋಶ ಸಿದ್ಧವಾಗಿರುತ್ತದೆ. ಬಿಸಿಯನ್ನೇ ಕಾಣದ ಕೋಶದ ಮೇಲೆ ಒಮ್ಮೆಲೇ ಬೆಂಕಿ ಬಿದ್ದರೆ, ಇವು ತಯಾರಾಗುವ ಮುಂಚೆಯೇ ಎಲ್ಲ ಮುಗಿದಿರುತ್ತದೆ. "ಆದ್ರೆ ಇದು ಬಿಟ್ಟಿ ಕೆಲಸ ಅಲ್ಲ ಮಕ್ಕಳೇ," ಎಂದೂ ಮೇಡಂ ಹೇಳಿದ್ದರು. "ಬೆಳೆಯೋ ಶಕ್ತಿಯಿಂದಲೇ ಇದಕ್ಕೂ ಕೊಡಬೇಕು. ಅದಕ್ಕೂ ಒಂದು ಮಿತಿ ಇದೆ."

ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಅವಳು ಪುಟ ತುಂಬ ಬರೆದಿದ್ದಳು. ಇಷ್ಟು ದಿನ ಹುಳದ ಮನೆಯಲ್ಲಿ ನಿಂತಾಗ ಮಾತ್ರ ಅದು ನೆನಪಿಗೆ ಬಂದಿರಲಿಲ್ಲ. ಅಲ್ಲಿ ಅವಳ ತಲೆ ತುಂಬ ಇದ್ದದ್ದು ಕಾಟಮ್ಮ. ಪಡುವಣ ಗೋಡೆ ಈ ಸಣ್ಣ ಹುಳುಗಳಿಗೆ ದಿನಾ ಸ್ವಲ್ಪ ಸ್ವಲ್ಪ ಬಿಸಿ ಉಣಿಸಿತ್ತು. ಹಿತ್ತಲಿನ ತಗಡು ಕಾಟಮ್ಮನ ಹುಳುಗಳಿಗೂ ಅದನ್ನೇ ಮಾಡಿತ್ತು, ಅಲ್ಲಿ ಗಾಳಿಯೂ ಆಡುತ್ತಿತ್ತು. ಅದರಲ್ಲಿ ಕಣ್ಣೂ ಇಲ್ಲ, ಕೈಗುಣವೂ ಇಲ್ಲ.

ಕೈಗುಣವಿಲ್ಲ ಎಂದು ಗೊತ್ತಾದಾಗ ಅವಳಿಗೆ, ಆ ಸಂಕಟದಲ್ಲೂ, ಒಂದು ಕಾಳಿನಷ್ಟು ಖುಷಿಯಾಯಿತು.

ಸಂಜೆ ಜಗಲಿಯ ಮೇಲೆ ಸೂರಮ್ಮ ಏನೂ ಬೈಯಲಿಲ್ಲ. ಕೈ ಮಾತ್ರ ಚಾಚಿದಳು. "ಬೀಗದಕೈ ಇತ್ತ ಕೊಡಮ್ಮಾ."

ರಶ್ಮಿತಾ ಸೆರಗಿನ ಗಂಟು ಬಿಚ್ಚಲು ತಡಕಾಡಿದಳು. ತಾನೇ ಹಾಕಿದ ಗಂಟು, ಎಷ್ಟು ಬಿಗಿ! ಬೀಗದಕೈಯನ್ನು ಅತ್ತೆಗೆ ಕೊಡದೆ ನೇರ ಕಾಟಮ್ಮನ ಮುಂದೆ ಹಿಡಿದಳು. "ನಿಮ್ ಕಣ್ಣು ಬಿದ್ದು ಸಾಯ್ಲಿಲ್ಲ ಅಕ್ಕ. ನಾನೇ ತಣ್ಣಗಿಟ್ಟು, ಬೀಗ ಹಾಕಿ ಕೊಂದೆ. ಪಡುವಣ ಕಡೆ ಒಂದಿಷ್ಟು ಉಳಿದಾವೆ. ಅವನ್ನ ಗೂಡು ಕಟ್ಟಾಕೆ ನಿಮ್ಮ ಚಂದ್ರಿಕೆ ತಟ್ಟೆ ಮೇಲೆ ಬಿಡ್ಲಾ? ಅಲ್ಲಿ ಗಾಳಿ ಐತೆ."

ಬ್ಯಾಡಮ್ಮ, ನಿನ್ ತಾವೇ ಇರ್ಲಿ ಎಂದು ಅಕ್ಕ ಹೇಳಬಹುದೆಂದು ಮೂಲೆಯಲ್ಲಿ ಒಂದು ಆಸೆ ಇತ್ತು. ಕಾಟಮ್ಮ ಬೀಗದಕೈ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

"ಬಿಡು, ಜಾಗ ಐತೆ," ಎಂದಳು. ಆಮೇಲೆ, ಅತ್ತೆ ಒಳಗೆದ್ದು ಹೋದ ಮೇಲೆ, ದನಿ ತಗ್ಗಿಸಿದಳು: "ಕಣ್ಣು ಬಿದ್ದಿದ್ದು ನಿಜ ಕಣೇ. ಹುಳದ ಮ್ಯಾಲಲ್ಲ. ಇಲ್ಲಿಗೆ ಬಂದಾಗಿಂದ ಆ ತಗಡಿನ ಕೆಳಗೇ ಬೆಂದೀನಿ, ಕಾಲು ಚಾಚಿ ಮಲಗಾಕೆ ಒಂದು ತಣ್ಣನೆ ಜಾಗ ಕಂಡಿಲ್ಲ. ನೀ ಬಂದ ಎರಡೇ ವರ್ಷಕ್ಕೆ ಹುಳಕ್ಕೇ ಕೂಲರ್ ತರಿಸ್ದೆ. ಅವತ್ತು ಹೊಟ್ಟೆ ಎಷ್ಟು ಉರೀತು ಅಂದ್ರೆ ಉಣ್ಣಾಕಾಗ್ಲಿಲ್ಲ."

ರಶ್ಮಿತಾ ತಲೆ ಎತ್ತಿ ಅವಳನ್ನು ನೋಡಿದಳು. ಕಾಟಮ್ಮನ ಕೊರಳ ಸುತ್ತ ಬೆವರುಸಾಲೆ ಕೆಂಪಗೆ ಎದ್ದಿತ್ತು. ಇಷ್ಟು ದಿನ ಒಂದೇ ಒಲೆಯ ಮುಂದೆ ಕೂತು ಅವಳು ಅದನ್ನು ನೋಡಿರಲಿಲ್ಲ.

ಪಡುವಣ ಗೋಡೆಯ ಹುಳುಗಳು ಹಿತ್ತಲಿನಲ್ಲಿ ಗೂಡು ಕಟ್ಟಿದವು. ಸ್ವಲ್ಪ ಸಣ್ಣ, ಆದರೆ ಅದುಮಿದರೆ ಗಟ್ಟಿ. ರಶ್ಮಿತಾ ಒಂದನ್ನು ಎತ್ತಿ, ಯಾರೂ ನೋಡದಾಗ ಕಾಟಮ್ಮನ ಗೂಡಿನ ಪಕ್ಕಕ್ಕಿಟ್ಟು ಅಳೆದಳು. ಒಂದೇ ಸಮ ಇದ್ದವು. ತನ್ನದು ಒಂಚೂರಾದರೂ ದೊಡ್ಡದಿರಬಾರದಿತ್ತೇ ಎಂದು ಬೇಜಾರಾಯಿತು.

ಅದರ ಮಾರನೆಯ ಮಧ್ಯಾಹ್ನ ಹೊಸ ಹುಳದ ಮನೆಯ ಬಾಗಿಲು ಹಾರುಹೊಡೆದಿತ್ತು. ಖಾಲಿ ಅಟ್ಟಣಿಗೆಗಳ ನಡುವೆ, ಸುಣ್ಣ ಬಳಿಯಲು ಹೋದ ಕಾಟಮ್ಮ ಸುಣ್ಣದ ಬಕೆಟ್ಟನ್ನು ಮೂಲೆಗಿಟ್ಟು, ಕೂಲರಿನ ಎದುರು ಕಾಲು ಚಾಚಿ ಕೂತಿದ್ದಳು. ಚಿಟ್ಟಿ ಅವಳ ತೊಡೆಯ ಮೇಲೆ, ಕೂದಲು ಹಾರಿಸಿಕೊಂಡು ನಿದ್ದೆ. ರಶ್ಮಿತಾ ಹೊಸ್ತಿಲಲ್ಲಿ ನಿಂತಳು. ಎದೆಯಲ್ಲಿ ಹಳೆಯ ಕಿಡಿ ಚುರುಕ್ ಎಂದಿತು.

"ಮುಂದಿನ ಬೆಳೆಗೆ ಕಿಟಕಿಗೆ ಮೊಳೆ ಹೊಡೆಯೋದು ಬ್ಯಾಡ ಅಕ್ಕ," ಎಂದಳು. "ಮಧ್ಯಾಹ್ನ ಒಂಚೂರು ಬಿಸಿ ತಾಕ್ಲಿ. ಬಾಳ ಅಲ್ಲ, ಒಂಚೂರು."

"ನಿಂತ್ಕಂಡೇ ಪಾಠ ಮಾಡ್ತೀಯಾ?" ಎಂದಳು ಕಾಟಮ್ಮ ಕಣ್ಣು ತೆರೆಯದೆ. "ಗಾಳಿಗೆ ಅಡ್ಡ ನಿಂತೀಯ."

"ಸರ್ಕಳ್ರಿ ಮತ್ತೆ," ಎಂದು ರಶ್ಮಿತಾ ಕಾಲು ತೊಳೆದುಕೊಂಡು ಒಳಗೆ ಹೋಗಿ, ಪಕ್ಕದಲ್ಲಿ ಕೂತಳು.